ಪಹಣಿ ಎಂದರೆ ನೋಡುವುದು

ಕನ್ನಡದಲ್ಲಿ ‘ಪಹಣಿ’ ಎಂದರೆ ಒಂದು ಕಾಗದ. ಮರಾಠಿಯಲ್ಲಿ ‘ಪಾಹಣೀ’ ಎಂದರೆ ಈಗಲೂ ಒಂದು ಕೆಲಸ: ಜಾಗಕ್ಕೆ ಹೋಗಿ ಕಣ್ಣಾರೆ ನೋಡುವುದು. ‘ಪಾಹಣೇ’ ಎಂದರೆ ನೋಡುವುದು. ಅದರಿಂದಲೇ ಬಂದ ಮಾತು. ಹೊಲಕ್ಕೆ ಹೋಗಿ ನೋಡಿ ಬರೆದದ್ದಕ್ಕೂ ಕ್ರಮೇಣ ನೋಟದ ಹೆಸರೇ ನಿಂತಿತು. ಮನೆ ಕೊಳ್ಳುವಾಗ ನಾವು ಈ ಎರಡನ್ನೂ ಬೇರೆ ಮಾಡಿಬಿಡುತ್ತೇವೆ. ಗೋಡೆ, ನಲ್ಲಿ, ಬೆಳಕು ನೋಡುವುದು ನಮ್ಮ ಪಾಲು. ಕಾಗದ ನೋಡುವುದು ವಕೀಲರ ಪಾಲು.

ಈ ದಾಖಲೆಗಳು ಹುಟ್ಟಿದ್ದು ಕೊಳ್ಳುವವರಿಗಾಗಿ ಅಲ್ಲ. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಪುಣೆ ಬಳಿಯ ಇಂದಾಪುರದಲ್ಲಿ ಹೊಲಗಳನ್ನು ಅಳೆಸಿದ್ದು ಕಂದಾಯ ಗೊತ್ತುಮಾಡಲು. ಅದೇ ಪದ್ಧತಿ ಮುಂದೆ ಧಾರವಾಡದ ಕಡೆಗೂ ಬಂತು. ಮಹಾರಾಷ್ಟ್ರದ ‘ಸಾತ್‌ಬಾರಾ’ ಎಂಬುದು ಹಳ್ಳಿಯ ಎರಡು ನಮೂನೆಗಳ ಜೋಡಿ ಹೆಸರು: 7ರಲ್ಲಿ ಹಕ್ಕು, 12ರಲ್ಲಿ ಬೆಳೆ.

ಕೊಳ್ಳುವವರಿಗೆ ಬಾಗಿಲು ತೆರೆದಿರುವುದು ನೋಂದಣಿ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆಯ ಪ್ರಕಾರ, ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಮುಂಬೈ, ಪುಣೆಯವರು ದಿನಬಳಕೆಯಲ್ಲಿ ಹೇಳುವ ‘ಇಂಡೆಕ್ಸ್ ಟು’ ಆ ಕಾಯ್ದೆಯ 2ನೇ ಸೂಚಿಯೇ. ಆದರೆ ಅಲ್ಲಿ ನೋಂದಣಿಯಾಗುವುದು ಪತ್ರ, ಒಡೆತನವಲ್ಲ. ಮಾರಿದವನಿಗೆ ಮಾರುವ ಹಕ್ಕಿತ್ತು ಎಂದು ಸರ್ಕಾರ ಖಾತರಿ ಕೊಡುವುದಿಲ್ಲ. ದೆಹಲಿಯಲ್ಲಿ ಎಷ್ಟೋ ಮನೆಗಳು ಬರೀ ಜಿಪಿಎ ಮೇಲೆ ಕೈ ಬದಲಾಯಿಸಿದವು. ಅಂಥ ವ್ಯವಹಾರದಿಂದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿತು.

ನಿಜವಾದ ತಿರುವು 1929ರದು. ಆ ವರ್ಷ ಸ್ವತ್ತು ವರ್ಗಾವಣೆ ಕಾಯ್ದೆಗೆ ಆದ ತಿದ್ದುಪಡಿ ಎರಡು ಮಾತು ಹೇಳಿತು. ಕ್ರಮವಾಗಿ ನೋಂದಣಿಯಾಗಿ ಸೂಚಿಗೆ ಸೇರಿದ, ನೋಂದಣಿ ಕಡ್ಡಾಯವಾದ ಪತ್ರ ಕೊಳ್ಳುವವನಿಗೆ ತಿಳಿದಿದೆ ಎಂದೇ ಲೆಕ್ಕ. ಆಸ್ತಿಯಲ್ಲಿ ವಾಸ್ತವವಾಗಿ ಯಾರು ಇದ್ದಾರೋ ಅವರ ಹಕ್ಕೂ ತಿಳಿದಿದೆ ಎಂದೇ ಲೆಕ್ಕ. ಅಂದರೆ ನೀವು ಓದಿದ್ದೀರಿ, ಹೋಗಿ ನೋಡಿಯೂ ಇದ್ದೀರಿ ಎಂದು ಕಾನೂನು ಮೊದಲೇ ನಂಬಿಕೊಂಡಿದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ.

ಆದ್ದರಿಂದ ಮನೆ ನೋಡಲು ಹೋಗುವಾಗ ದಾಖಲೆಯ ಪ್ರತಿ ಕೈಯಲ್ಲಿರಲಿ. ಪತ್ರದಲ್ಲಿ ಎರಡು ಮಹಡಿ, ಎದುರಿಗೆ ಮೂರು ಇದ್ದರೆ, ಮೂರನೆಯದಕ್ಕೆ ಅನುಮತಿ ಯಾವಾಗ ಸಿಕ್ಕಿತು ಎಂದು ಕೇಳಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು ಅಲ್ಲಿ ಪಕ್ಕದವರ ಗೋಡೆ ಕಂಡರೆ, ಅಳತೆ ಮಾಡಿಸದೆ ಮುಂಗಡ ಕೊಡಬೇಡಿ. ಋಣಭಾರ ಪತ್ರದಲ್ಲಿ ಏನೂ ಇಲ್ಲದಿದ್ದರೂ ಹಿಂದಿನ ಕೋಣೆಯಲ್ಲಿ ಒಲೆ ಉರಿಯುತ್ತಿರಬಹುದು. ಅಲ್ಲಿರುವವರು ಯಾರು, ಯಾವ ಆಧಾರದ ಮೇಲೆ ಇದ್ದಾರೆ ಎಂದು ಅವರನ್ನೇ ಕೇಳಬೇಕು. ಆ ಉತ್ತರ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.