ಹಣೆಯ ಮೇಲಿನ ದೀಪ

ಚಾರಣಿಗರಿಗೆಂದು ಮಾಡಿದ ಒಂದು ಸೋಲಾರ್ ಪವರ್ ಬ್ಯಾಂಕಿನ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಹೋದ ಬೇಸಿಗೆಯಲ್ಲಿ ನನಗೆ ಬಂತು. ಬೆನ್ನಚೀಲಕ್ಕೆ ನೇತುಹಾಕಿ, ನಡೆಯುತ್ತಲೇ ಚಾರ್ಜ್ ಮಾಡಿಕೊಳ್ಳಿ ಎಂಬುದು ಅದರ ಮೊದಲ ಸೂಚನೆ. ನಾನಿರುವುದು ವಿಶಾಖಪಟ್ಟಣದ ಆಚೆ, ಅಚ್ಯುತಾಪುರಂನಲ್ಲಿ. ಇಲ್ಲಿ ಬಿಸಿಲಿಗೇನೂ ಬರವಿಲ್ಲ. ಬೆಳಿಗ್ಗೆ ಅದನ್ನು ತಾರಸಿಯಲ್ಲಿಟ್ಟೆ. ಸಂಜೆ ನೋಡಿದರೆ ನಾಲ್ಕು ಚುಕ್ಕಿಗಳಲ್ಲಿ ಒಂದೇ ಉರಿಯುತ್ತಿತ್ತು.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಅಂಗೈಯಗಲದ ಫಲಕ ನಡುಮಧ್ಯಾಹ್ನದಲ್ಲೂ ಕೊಡುವುದು ಹೆಚ್ಚೆಂದರೆ 2 ವ್ಯಾಟ್. 10,000 ಎಂಎಎಚ್ ಬ್ಯಾಟರಿ ಹಿಡಿಯುವುದು 37 ವ್ಯಾಟ್-ಅವರ್. ಅಂದರೆ ಹದಿನೆಂಟು ಗಂಟೆಗೂ ಮೀರಿದ ಸುಡುಬಿಸಿಲು ಬೇಕು, ಅದೂ ಫಲಕ ಸೂರ್ಯನಿಗೆ ನೇರ ಮುಖ ಮಾಡಿದ್ದರೆ. ಕುಕ್ಕೆಯಿಂದ ಕುಮಾರಪರ್ವತ ಹತ್ತುವವನ ಬೆನ್ನು ಮೊದಲ ಕೆಲವು ಗಂಟೆ ಕಾಡಿನ ನೆರಳಲ್ಲೇ ಇರುತ್ತದೆ. ಇನ್ನು ಬಿಸಿಲು ಹೆಚ್ಚಾದಷ್ಟೂ ಸಿಲಿಕಾನ್ ಕಾದು ಅದರ ಇಳುವರಿ ಇಳಿಯುತ್ತದೆ. ಅದೇ ಡಬ್ಬಿಯೊಳಗಿನ ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡುವುದೇ ಕೇಡು. ಬಿಸಿಲು ಬೇಕಾದದ್ದನ್ನೂ ಬಿಸಿಲು ಆಗದ್ದನ್ನೂ ಒಂದಕ್ಕೊಂದು ಅಂಟಿಸಿ ಮಾರುತ್ತಿದ್ದಾರೆ.

ಮೊದಲಿಗೆ ಹೀಗೆ ಅಂಟಿಸಿದ್ದಕ್ಕೆ ಕಾರಣವಿತ್ತು. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಸೌರಕೋಶ ಬಿಸಿಲಿನ ಸುಮಾರು ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಅಷ್ಟು ದುಬಾರಿ ವಸ್ತುವಿಗೆ ಭೂಮಿಯ ಮೇಲೆ ಗಿರಾಕಿಗಳಿರಲಿಲ್ಲ, ಆಕಾಶದಲ್ಲಿದ್ದರು. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1ರ ಬ್ಯಾಟರಿ ಕೆಲವೇ ವಾರಗಳಲ್ಲಿ ಸತ್ತಿತು. ಸೌರಕೋಶದ ಪ್ರೇಷಕ ಮಾತ್ರ 1964ರವರೆಗೆ ಮಾತಾಡಿತು. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ನಮ್ಮ ಆರ್ಯಭಟದ ಇಪ್ಪತ್ತಾರು ಮುಖಗಳಲ್ಲಿ ಇಪ್ಪತ್ತನಾಲ್ಕಕ್ಕೆ ಸೌರಕೋಶ ಹೊದಿಸಿದ್ದರು. ಸಿಗುತ್ತಿದ್ದದ್ದು 46 ವ್ಯಾಟ್. ಉಪಗ್ರಹಕ್ಕೆ ಹಿಂದಿರುಗಲು ಮನೆಯಿಲ್ಲ, ಆದ್ದರಿಂದ ಫಲಕ ಹೊತ್ತೇ ತಿರುಗಬೇಕು. ಚಾರಣಿಗ ಉಪಗ್ರಹವೇ?

ಕತ್ತಲಲ್ಲಿ ಕಾಡುದಾರಿ ನಡೆಯುವ ಮಂದಿ ನಮ್ಮಲ್ಲಿ ಚಾರಣ ಎಂಬ ಪದಕ್ಕಿಂತ ಹಳಬರು. ದೊಂದಿ, ಪಂಜು, ಕರಾವಳಿಯ ಒಣ ತೆಂಗಿನಗರಿಯ ಸೂಟೆ: ಇವೆಲ್ಲ ಒಂದು ಕೈಯನ್ನು ಕಟ್ಟಿಹಾಕುತ್ತವೆ. ರಬ್ಬರ್ ಹಾಲು ತಂಪು ಹೊತ್ತಿನಲ್ಲಿ ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ಮರದಿಂದ ಮರಕ್ಕೆ ನಡೆಯುತ್ತಾರೆ. ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರು. ತೊಗಟೆಗೆ ಕತ್ತಿ ಹಾಕಲು ಎರಡೂ ಕೈ ಬೇಕು.

ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರುಮಾಡಿದಾಗ ಹಣೆದೀಪ ಕನಸಿನ ಮಾತು. ಆಗಿನ ಸೋಲಾರ್ ದೀಪದೊಳಗೆ ಸಿಎಫ್‌ಎಲ್ ಬಲ್ಬು, ಎರಡು ಕಿಲೋ ತೂಗುವ ಸೀಸದ ಬ್ಯಾಟರಿ. ಅದನ್ನು ಯಾರ ತಲೆಗೆ ಕಟ್ಟುವುದು? ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದೇ 1996ರ ಹೊತ್ತಿಗೆ. ಅದು ಅಗ್ಗವಾದ ಮೇಲೆ ಸೆಲ್ಕೋ ರಬ್ಬರ್ ಟ್ಯಾಪಿಂಗ್‌ನವರಿಗೆ, ಗುಲಾಬಿ ಕೀಳುವವರಿಗೆ, ಸೂಲಗಿತ್ತಿಯರಿಗೆ ತಲೆಗೆ ಕಟ್ಟುವ ಸೋಲಾರ್ ದೀಪ ಕೊಟ್ಟಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂದಾಗ ಪತ್ರಿಕೆಗಳು ಮನೆದೀಪದ ಬಗ್ಗೆಯೇ ಹೆಚ್ಚು ಬರೆದವು. ನನಗೆ ಈ ಹಣೆದೀಪವೇ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಫಲಕ ಮನೆಯ ಮಾಡಿನ ಮೇಲೆ, ದೀಪ ಹಣೆಯ ಮೇಲೆ. ಹಗಲು ತುಂಬಿಸಿಕೊಂಡದ್ದನ್ನಷ್ಟೇ ಮನುಷ್ಯ ಹೊತ್ತೊಯ್ಯುತ್ತಾನೆ. ಸಂಜೆ ತಳ್ಳುಗಾಡಿಯವರಿಗೆ ಬಾಡಿಗೆ ಕೊಡುತ್ತಿದ್ದ ದೀಪಗಳದ್ದೂ ಇದೇ ದಾರಿ: ಒಬ್ಬಾತ ಹಗಲಿಡೀ ಒಂದೆಡೆ ಬ್ಯಾಟರಿಗಳನ್ನು ತುಂಬಿಸಿ, ಕತ್ತಲಾಗುವಾಗ ಗಾಡಿಗಳಿಗೆ ಮುಟ್ಟಿಸುತ್ತಿದ್ದ.

ಚಾರಣದ ಸಾಮಾನು ಮಾಡುವವರು ಈ ಬೇರ್ಪಡಿಕೆಯನ್ನು ಕಲಿತಿದ್ದರೆ ಮಡಚುವ ಫಲಕ ಬೇರೆ, ಬ್ಯಾಟರಿ ಬೇರೆ ಎಂದು ಮಾರುತ್ತಿದ್ದರು. ಕೆಲವರು ಮಾರುತ್ತಾರೆ ಕೂಡ, ಬೆಲೆ ಮಾತ್ರ ನಾಲ್ಕು ಪಟ್ಟು. ಕ್ಯಾಂಪಿನಲ್ಲಿ ಬಂಡೆಯ ಮೇಲೆ ಫಲಕ ಹರಡಿ, ಬ್ಯಾಟರಿಯನ್ನು ಅದರ ನೆರಳಲ್ಲಿಟ್ಟರೆ ಎರಡೂ ಸುಖವಾಗಿರುತ್ತವೆ.

ಹೆಡ್‌ಲ್ಯಾಂಪ್ ಎಂಬಲ್ಲೆಲ್ಲ ನಾನು ಹಣೆದೀಪ ಎಂದು ಬರೆದೆ, ಒಪ್ಪಿದರು. ಮೊದಲ ಸೂಚನೆಯ ಕೆಳಗೆ, ಹೊರಡುವ ಮುನ್ನ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ ಎಂಬ ಒಂದು ಸಾಲನ್ನೂ ಸೇರಿಸಿ ಕಳಿಸಿದ್ದೆ. ಅಚ್ಚಾಗಿ ಬಂದ ಪ್ರತಿಯಲ್ಲಿ ಆ ಸಾಲು ಇರಲಿಲ್ಲ.