ಟೊಪ್ಪಿಗೆಗಾರನಿಲ್ಲದ ನಾಡು

ಆಂಗ್ಲರು ಸ್ತ್ರೀಯರ ಟೊಪ್ಪಿಗೆಗಳನ್ನು ರಚಿಸುವವರಿಗೆ ಇಟ್ಟ 'ಮಿಲಿನರ್' ಎಂಬ ಹೆಸರು ಮೂಲತಃ ಇಟಲಿಯ ಮಿಲಾನ್ ನಗರದ ನಿವಾಸಿಯನ್ನಷ್ಟೇ ಸೂಚಿಸುತ್ತಿದ್ದು, 16ನೆಯ ಶತಮಾನದಲ್ಲಿ ಆ ನಗರದ ಕೈಗವಸು, ರೇಷ್ಮೆಪಟ್ಟಿ, ಟೊಪ್ಪಿಗೆಗಳನ್ನು ಮಾರುತ್ತಿದ್ದ ವರ್ತಕರಿಂದಾಗಿ ವೃತ್ತಿನಾಮವಾಗಿ ಪರಿಣಮಿಸಿತು. ಕನ್ನಡದಲ್ಲಿ ಬಳೆಗಾರನುಂಟು, ಕಂಚುಗಾರನುಂಟು, ಮಾಲೆಗಾರನುಂಟು. ಟೊಪ್ಪಿಗೆಗಾರನೆಂಬ ಕಸುಬುದಾರನು ಮಾತ್ರ ಇಲ್ಲ.

ಇದಕ್ಕೆ ಕಾರಣವನ್ನು ಉತ್ತರ ಕನ್ನಡದ ಕಾಳೀನದೀತೀರದ ಊರಾದ ಮೌಳಂಗಿಯ ಸುತ್ತಣ ಸೀಮೆಯಲ್ಲಿಯೇ ಕಾಣಬಹುದು. ಹಳಿಯಾಳದ ಬಯಲಿನವನ ರುಮಾಲು ನೇಕಾರನಲ್ಲಿ ಬರಿಯ ಅರಿವೆಯಾಗಿದ್ದು, ಸುತ್ತಿಕೊಂಡವನ ಕೈಯಲ್ಲಿಯೇ ಶಿರೋವೇಷ್ಟನವಾಗುತ್ತದೆ. ಘಟ್ಟದ ತೋಟಗಳಲ್ಲಿ ಅಡಿಕೆಮರವನ್ನೇರಿ ಕೊನೆ ಕೊಯ್ಯುವ ಕೊನೆಗೌಡನೂ, ತಲೆಹೊರೆ ಹೊರುವ ಆಳೂ ಉದುರಿದ ಹಾಳೆಯನ್ನು ನೀರಿನಲ್ಲಿ ನೆನೆಯಿಸಿ, ಮೆತ್ತಗಾದೊಡನೆ ಅಂಚುಗಳನ್ನು ಮಡಿಚಿ ಹೊಲಿದು, ತಮ್ಮ ತಲೆಗೆ ತಾವೇ ಹಾಳೆಟೊಪ್ಪಿಯನ್ನು ಮಾಡಿಕೊಳ್ಳುವರು. ಮಳೆಗಾಲಕ್ಕೆ ಕಂಬಳಿಯನ್ನೇ ಮಡಿಚಿದ ಕೊಪ್ಪೆ. ಸಸಿ ನೆಡುವವಳ ಬೆನ್ನಿಗೆ ಬಿದಿರು, ಎಲೆಗಳ ಗೊರಬು. ಬಿದಿರು ಹೆಣೆಯುವ ಕಸುಬು ಮೇದರದು. ಆದರೆ ಬುಟ್ಟಿ, ಮೊರ, ತೊಟ್ಟಿಲುಗಳನ್ನೆಲ್ಲ ಹೆಣೆಯುವವರನ್ನು ತಲೆಮುಸುಕೊಂದರ ಹೆಸರಿನಿಂದ ಯಾರು ಕರೆದಾರು?

ಹೊಲಿದ ಟೊಪ್ಪಿಗೆಯು ಅರಮನೆಯ ದಾರಿಯಾಗಿ ಬಂದಿತು. ಪಾರಸೀಕದ 'ಕುಲಾಹ್' ವಿಜಯನಗರದಲ್ಲಿ ಕುಲ್ಲಾಯಿಯಾಯಿತು; 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಯಾತ್ರಿಕ ಪಾಯೆಸ್, ಕೃಷ್ಣದೇವರಾಯನ ತಲೆಯ ಮೇಲಣ ಜರತಾರಿ ಟೊಪ್ಪಿಗೆಯನ್ನು ವರ್ಣಿಸಿದ್ದಾನೆ. ಅದೇ ಶಬ್ದವು ಕುಲಾವಿಯಾಗಿ ತೊಟ್ಟಿಲ ಕೂಸಿನ ತಲೆಗೆ ಇಳಿದುದು ಭಾಷೆಯ ವಿನೋದವೆನ್ನಬೇಕು. ರಾಯನದಾದರೂ ಕೂಸಿನದಾದರೂ ಹೊಲಿಗೆ ಚಿಪ್ಪಿಗನ ಕೆಲಸವೇ. ಅಂಗಿ ಹೊಲಿದವನೇ ಕುಲಾವಿಯನ್ನೂ ಹೊಲಿದನು, ಅಸಹಕಾರದ ಕಾಲದಲ್ಲಿ ಖಾದಿಯ ಗಾಂಧೀಟೊಪ್ಪಿಗೆಯನ್ನೂ ಹೊಲಿದನು.

ಗೋವೆಯ ಪೋರ್ಚುಗೀಸರಿಗೂ ಮರಾಠರಿಗೂ ನಡುವೆ ಸಿಕ್ಕಿದ ಈ ಗಡಿಯ ನೆರೆಯಲ್ಲಿ 'ಟೋಪೀಕರ' ಎಂಬ ಶಬ್ದ ಬಳಕೆಗೆ ಬರದಿರಲಿಲ್ಲ. 18ನೆಯ ಶತಮಾನದ ಆರಂಭದ ಮರಾಠಿ ರಾಜನೀತಿಗ್ರಂಥ 'ಆಜ್ಞಾಪತ್ರ'ವು ಅದನ್ನು ಬಳಸಿರುವುದು ಟೊಪ್ಪಿಗೆ ಮಾಡುವವನಿಗಲ್ಲ, ಟೊಪ್ಪಿಗೆಯಿಟ್ಟು ಹಡಗಿನಲ್ಲಿ ಬಂದ ಯುರೋಪಿಯನ್ನನಿಗೆ. ವ್ಯಾಪಾರಕ್ಕೆಂದು ಬಂದು ರಾಜ್ಯವನ್ನು ಕಟ್ಟಿಕೊಂಡವನ ವಿಷಯದಲ್ಲಿ, 'ಟೋಪಿ ಹಾಕು' ಎಂಬ ನಮ್ಮ ನುಡಿಗಟ್ಟೂ ನೆನಪಾದರೆ ತಪ್ಪೇನೂ ಇಲ್ಲ.

'ಮಿಲಿನರ್' ಶಬ್ದಕ್ಕೆ 'ಶಿರಸ್ತ್ರಾಣಕಾರ'ನೆಂಬಂತಹ ಭಾರವಾದ ಸಮಾಸವನ್ನು ಹೊಸೆಯಹೊರಡುವ ಕೋಶಕಾರರು, ದಯವಿಟ್ಟು ಮೊದಲು ಚಿಪ್ಪಿಗರ ಓಣಿಯಲ್ಲೊಮ್ಮೆ ವಿಚಾರಿಸಲಿ.