ಮೈಕ್ ಬಗ್ಗಬೇಕಾ, ಮಾತಾಡೋರು ಬಗ್ಗಬೇಕಾ?

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಈಗ ಕೇಳಿದ್ರಲ್ಲ, ಟಕ್ ಟಕ್ ಟಕ್ ಅಂತ, ಅದು ಕುಟ್ಟಾಣಿ ಸದ್ದು. ಅದರ ಹಿಂದೆ, ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ಒಂದು ದನಿ ಇದೆ. ಅದು ನಮ್ಮಜ್ಜಿ ಹಾಡಿದ ಸೋಬಾನೆ ಪದ.

ಮಳವಳ್ಳಿ ಕಡೆಯ ನಮ್ಮಜ್ಜಿ ಮನೇಲಿ ನಾನು ಮಾಡಿದ ಮೊದಲ ರೆಕಾರ್ಡಿಂಗ್ ಇದು. ಹೊಸ ಮೈಕ್ ತಗೊಂಡಿದ್ದೆ, ದುಡ್ಡೆಲ್ಲ ಅದಕ್ಕೇ ಹೋಗಿತ್ತು. ಸ್ಟ್ಯಾಂಡ್ ಇರಲಿಲ್ಲ. ಒಂದು ಮಣೆ ಮೇಲೆ ಮೈಕ್ ಇಟ್ಟೆ. ಅಜ್ಜಿ ಅದೇ ಮಣೆ ತುದೀಲಿ ಕುಟ್ಟಾಣಿ ಇಟ್ಕೊಂಡು ಎಲೆ ಅಡಿಕೆ ಕುಟ್ತಾ ಹಾಡಿದ್ರು. ಕುಟ್ಟಿದ ಪೆಟ್ಟು ಮರದಲ್ಲಿ ನೇರ ಮೈಕ್‌ಗೆ ಬಂತು. ಎಷ್ಟೋ ಪದಗಳು ಅದರ ಕೆಳಗೆ ಮುಚ್ಚಿಹೋದವು. ಮುಂದಿನ ಸಲ ಸರಿಯಾಗಿ ಮಾಡೋಣ ಅಂದ್ಕೊಂಡೆ. ಮುಂದಿನ ಸಲ ಅನ್ನೋದು ಬರಲಿಲ್ಲ. ಅಜ್ಜಿ ಹೋದ್ರು.

ನಾನು ಬಿ.ಕಾಂ. ಓದಿದವನು. ಲೆಕ್ಕದ ಭಾಷೇಲಿ ಹೇಳೋದಾದ್ರೆ ಬಂಡವಾಳ ತಪ್ಪು ಖಾತೆಗೆ ಹೋಗಿತ್ತು. ಆಮೇಲೆ ಈ ಸ್ಟ್ಯಾಂಡ್ ಅನ್ನೋ ಸಾಮಾನು ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದೆ. ಇವತ್ತಿನ ಸಂಚಿಕೆ ಅದರದ್ದೇ ಕಥೆ.

1920ರ ದಶಕದ ರೇಡಿಯೊ ಫೋಟೊಗಳನ್ನ ನೋಡಿ. ದೊಡ್ಡ ಕಬ್ಬಿಣದ ಬಳೆ, ಅದರ ಮಧ್ಯೆ ನಾಲ್ಕು ಸ್ಪ್ರಿಂಗ್‌ಗಳಲ್ಲಿ ನೇತಾಡೋ ಮೈಕ್. ಅದು ಅಲಂಕಾರ ಅಲ್ಲ. ಆಗಿನ ಮೈಕ್ ಒಳಗೆ ಇದ್ದದ್ದು ಇದ್ದಿಲಿನ ಸಣ್ಣ ಸಣ್ಣ ಕಾಳು. ದನಿ ಬಂದಾಗ ಆ ಕಾಳುಗಳು ಒತ್ತಿ, ಸಡಿಲವಾಗಿ, ವಿದ್ಯುತ್ ಹರಿವು ಬದಲಾಗೋದು. ಮೇಜು ಅಲುಗಾಡಿದ್ರೂ ಕಾಳು ಅಲುಗಾಡೋದು. ಆ ಅಲುಗಾಟ ತಡೆಯೋಕೇ ಸ್ಪ್ರಿಂಗ್. ಇವತ್ತು ನಾವು ಶಾಕ್ ಮೌಂಟ್ ಅಂತ ಕರೆಯೋದು ಅದರ ಮರಿಮಗನನ್ನೇ. ನಮ್ಮಜ್ಜಿ ಮಣೆಯ ಸಮಸ್ಯೆಗೆ ಸುಮಾರು ನೂರು ವರ್ಷದ ಹಿಂದೇನೇ ಉತ್ತರ ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಎರಡನೇ ತಿರುವು ಸಿನಿಮಾದ್ದು. ಟಾಕಿ ಬಂದ ಹೊಸದರಲ್ಲಿ ಮೈಕ್ ಕದಲ್ತಿರಲಿಲ್ಲ, ನಟರೇ ಅದರ ಹತ್ರ ಬಂದು ನಿಂತು ಮಾತಾಡಬೇಕಿತ್ತು. 1929ರಲ್ಲಿ ಹಾಲಿವುಡ್‌ನ ‘ದಿ ವೈಲ್ಡ್ ಪಾರ್ಟಿ’ ಚಿತ್ರದಲ್ಲಿ ನಟಿ ಕ್ಲಾರಾ ಬೋಗೆ ಹೀಗೆ ಒಂದೇ ಕಡೆ ನಿಲ್ಲೋದು ಕಷ್ಟವಾಯ್ತು. ನಿರ್ದೇಶಕಿ ಡೊರೊಥಿ ಆರ್ಜ್ನರ್ ಮೀನು ಹಿಡಿಯೋ ಗಾಳದ ಕೋಲಿಗೆ ಮೈಕ್ ಕಟ್ಟಿಸಿ, ನಟಿಯ ತಲೆ ಮೇಲೆ ಹಿಡಿಸಿದ್ರು. ಅಲ್ಲಿಗೆ ಲೆಕ್ಕ ತಿರುವುಮುರುವಾಯ್ತು. ಮೈಕ್ ಇದ್ದ ಕಡೆ ಮನುಷ್ಯ ಹೋಗೋದಲ್ಲ, ಮನುಷ್ಯ ಇದ್ದ ಕಡೆ ಮೈಕ್ ಬರಬೇಕು. ನಮ್ಮ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು ಇದಾದ ಐದು ವರ್ಷಕ್ಕೆ, 1934ರಲ್ಲಿ.

ಮೂರನೆಯದು ಕೇಳಿದ್ರೆ ನಗ್ತೀರಿ. ಯೂಟ್ಯೂಬ್‌ನಲ್ಲಿ ಎಲ್ಲರ ಮೇಜಿಗೂ ಕಚ್ಚಿಕೊಂಡಿರೋ, ಮೊಣಕೈ ತರ ಮಡಚೋ ಬೂಮ್ ಆರ್ಮ್ ಇದೆಯಲ್ಲ, ಅದು ಮೂಲದಲ್ಲಿ ಓದೋ ದೀಪ! ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೈನ್ ವಾಹನಗಳ ಸಸ್ಪೆನ್ಷನ್ ಮೇಲೆ ಕೆಲಸ ಮಾಡಿದ ಎಂಜಿನಿಯರ್. ಸ್ಪ್ರಿಂಗ್‌ಗಳ ಎಳೆತದಿಂದ ಭಾರ ಸರಿದೂಗಿಸೋ, ಎಲ್ಲಿ ಬಿಟ್ರೆ ಅಲ್ಲೇ ನಿಲ್ಲೋ ತೋಳಿಗೆ 1932ರಲ್ಲಿ ಪೇಟೆಂಟ್ ತಗೊಂಡ್ರು. ಆಂಗಲ್‌ಪಾಯ್ಸ್ ದೀಪ ಹುಟ್ಟಿದ್ದು ಹಾಗೆ. ಮುಂದೆ ಅದೇ ಬಗೆಯ ತೋಳು ರೇಡಿಯೊ ಸ್ಟುಡಿಯೊಗಳಿಗೂ ಬಂತು. ಬಲ್ಬ್ ಜಾಗಕ್ಕೆ ಮೈಕ್ ಬಂತು.

ಈಗ ನಮ್ಮೂರಿಗೆ ಬರೋಣ. ಹೋಮ್ ರೆಕಾರ್ಡಿಂಗ್ ಅನ್ನೋದು ನಮ್ಮ ತಲೆಮಾರಿನ ಕಂಡುಹಿಡಿತ ಅಂದ್ಕೊಂಡಿದ್ದೀರಾ? 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ್ರು. ಟ್ರಾನ್ಸ್‌ಮಿಟರ್ ಶಕ್ತಿ ಬರೀ 30 ವಾಟ್. ಹಳೇ ಕಾಲದ ಒಂದು ಬಲ್ಬಿನಷ್ಟು! ‘ಆಕಾಶವಾಣಿ’ ಅನ್ನೋ ಹೆಸರು ರೇಡಿಯೊಗೆ ಅಂಟಿಕೊಂಡಿದ್ದು ಆ ಮೈಸೂರು ನಿಲಯದಿಂದ. ದಿಲ್ಲಿಯವರು ‘ಆಲ್ ಇಂಡಿಯಾ ರೇಡಿಯೊ’ ಅಂತ ಹೆಸರಿಟ್ಕೊಂಡಿದ್ದೇ 1936ರ ಜೂನ್‌ನಲ್ಲಿ. ಅಂದ್ರೆ ಆ ಹೆಸರಿಗಿಂತ ನಮ್ಮ ಪ್ರೊಫೆಸರ್ ಮನೆ ಸ್ಟೇಷನ್ ಹಳೇದು.

ಆಗ ಮಂಡ್ಯ ಜಿಲ್ಲೆ ಅಂತಲೇ ಇರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲ ಮೈಸೂರು ಜಿಲ್ಲೆ. ನಮ್ಮದು ಬೇರೆ ಜಿಲ್ಲೆ ಆಗಿದ್ದು 1939ರಲ್ಲಿ. ಇನ್ನೊಂದು ವಿಷಯ. 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯ್ತು, ಆಮೇಲೆ ಬೆಂಗಳೂರು, ಮೈಸೂರಿಗೂ ಬೆಳಕಾಯ್ತು. ಆ ವಿದ್ಯುದಾಗಾರ ಇರೋದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಪಟ್ಟಣಕ್ಕೆ ಕರೆಂಟ್ ಕಳಿಸಿದ ಊರಿನವರ ದನಿ ಮಾತ್ರ ಮೈಕ್ ಮುಂದೆ ಬರೋಕೆ ಬಹಳ ಕಾಲ ಹಿಡೀತು.

ಯಾಕಂದ್ರೆ ನಮ್ಮೋರು ಹಾಡೋ ರೀತಿ ಸ್ಟುಡಿಯೊ ರೀತಿ ಅಲ್ಲ. ಅಜ್ಜಿಯರು ಹಾಡೋದು ನೆಲದ ಮೇಲೆ ಕೂತು, ಕೈ ಏನೋ ಕೆಲಸ ಮಾಡ್ತಿರುವಾಗ. ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರಿಗೆ ತಂಬೂರಿ, ಗಗ್ಗರ ಎಲ್ಲ ಹಾಡಿನ ಜೊತೆಗೇ ಇರಬೇಕು. ಅವರನ್ನ ಕುರ್ಚಿ ಮೇಲೆ ಕೂರಿಸಿ, ‘ಅಲ್ಲಾಡಬೇಡಿ, ಇಲ್ಲಿ ನೋಡ್ಕೊಂಡು ಹಾಡಿ’ ಅಂದ್ರೆ ಹಾಡು ಅರ್ಧ ಸತ್ತುಹೋಗುತ್ತೆ.

ಹಾಗಾಗಿ ಸ್ಟ್ಯಾಂಡ್ ತಗೊಳ್ಳೋ ಮುಂಚೆ ಕೇಳ್ಕೋಬೇಕಾದ ಮೊದಲ ಪ್ರಶ್ನೆ: ಮಾತಾಡೋರು ಹೇಗೆ ಕೂರ್ತಾರೆ? ನೀವೊಬ್ಬರೇ ಮೇಜಿನ ಮುಂದೆ ಕೂತು ಮಾತಾಡೋದಾದ್ರೆ ಮಡಚೋ ತೋಳು ಸಾಕು, ಆದ್ರೆ ಅದನ್ನ ಕಚ್ಚಿಸಿರೋ ಮೇಜಿನ ಮೇಲೆ ಟೈಪ್ ಮಾಡಬೇಡಿ, ತಟ್ಟಬೇಡಿ. ನೆಲದ ಮೇಲೆ ಕೂತೋರಿಗೆ ಡ್ರಮ್ ಮುಂದೆ ಇಡೋ ಗಿಡ್ಡ ಮೂರು ಕಾಲಿನ ಸ್ಟ್ಯಾಂಡ್, ಅಡ್ಡ ಕೋಲು ಇರೋದು. ಮೂರರಲ್ಲಿ ಒಂದು ಕಾಲು ಅಡ್ಡ ಕೋಲಿನ ನೇರ ಕೆಳಗೇ ಬರಬೇಕು, ಇಲ್ಲಾಂದ್ರೆ ಮೈಕ್ ಭಾರಕ್ಕೆ ಮುಗ್ಗರಿಸುತ್ತೆ. ಕೋಲಿನ ಹಿಂದಿನ ತುದಿಗೆ ಒಂದು ಸಣ್ಣ ಚೀಲದಲ್ಲಿ ರಾಗಿ ತುಂಬಿ ನೇತುಹಾಕಿ, ಭಾರ ಸರಿಹೋಗುತ್ತೆ. ಕಾಲುಗಳ ಕೆಳಗೆ ಮಡಚಿದ ಕಂಬಳಿ. ಕೇಬಲ್ ಬಿಗಿಯಾಗಿ ಎಳೆಯದೆ ಒಂದು ಸುತ್ತು ಸಡಿಲ ಬಿಡಿ. ಕೊಳ್ಳುವಾಗ ತಿರುಪು ನೋಡಿ. ಸಾಮಾನ್ಯವಾಗಿ ಸಿಗೋದು ಎರಡು ಅಳತೆ, ಅಮೆರಿಕದವರ 5/8 ಇಂಚು, ಯುರೋಪಿನವರ 3/8 ಇಂಚು. ಹೊಂದದೇ ಇದ್ರೆ ಮಧ್ಯೆ ಹಾಕೋ ಪುಟ್ಟ ಅಡಾಪ್ಟರ್ ಬೇಕು.

ಬಾಯಿಂದ ಮೈಕ್‌ಗೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ದೂರ ಎರಡರಷ್ಟಾದ್ರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತೆ, ಫ್ಯಾನಿನ ಸದ್ದು ಮಾತ್ರ ಹಾಗೇ ಇರುತ್ತೆ.

ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ಆಯ್ತು. ನಾನು ಅದನ್ನ ಓದಿದ್ದೇನೆ, ಕಣ್ಣಾರೆ ಕಂಡವರ ಬಾಯಿಂದ ಕೇಳಿಲ್ಲ. ಅವತ್ತು ಹತ್ತು ವರ್ಷದ ಮಗು ಆಗಿದ್ದವರಿಗೆ ಈಗ ನೂರರ ಹತ್ರ ವಯಸ್ಸು. ನಿಮ್ಮ ಮನೇಲೂ ಇಂಥ ಒಂದು ದನಿ ಇರಬಹುದು.

ಆ ಕುಟ್ಟಾಣಿ ರೆಕಾರ್ಡಿಂಗ್ ಕೊನೇಲಿ ಅಜ್ಜಿ ಹಾಡು ನಿಲ್ಲಿಸಿ, ‘ಕೇಳ್ತದೇನ್ಲಾ ಮಗ?’ ಅಂತಾರೆ. ‘ಹ್ಞೂಂ ಅಜ್ಜಿ, ಚೆನ್ನಾಗ್ ಕೇಳ್ತದೆ’ ಅಂತೀನಿ ನಾನು. ಅವತ್ತು ಹೆಡ್‌ಫೋನ್ ಹಾಕಿ ನೋಡಿರಲಿಲ್ಲ. ನೀವು ಹಾಕಿ ನೋಡಿ. ಈ ಭಾನುವಾರವೇ ಊರಿಗೆ ಹೋಗಿ ಬನ್ನಿ.